ಅಮಾವಾಸ್ಯೆಯ ಅಪ್‌ಡೇಟ್

ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕೌಲ್ ಬಜಾರಿನ ಚಹಾದಂಗಡಿಯ ಮುಂದೆ, ಕತ್ತಿನವರೆಗೂ ಗುಂಡಿ ಹಾಕಿದ ಕಂದು ಉಣ್ಣೆಯ ಸ್ವೆಟರ್ ತೊಟ್ಟು ನಿಂತ ಹೆಂಗಸೊಬ್ಬರನ್ನು ನೀವು ಕಂಡಿದ್ದರೆ, ಅವರೇ ನಮ್ಮ ಸಿಸ್ಟಮ್ ಮೇಡಂ. ಸ್ವೆಟರಿನ ಮೊಣಕೈಯಲ್ಲಿ ಎಳೆ ಬಿಟ್ಟಿರುತ್ತಿತ್ತು. ಹಣೆಯ ವಿಭೂತಿ ಬೆವರಿಗೆ ಇಳಿದು ಕನ್ನಡಕದ ಅಂಚಿಗೆ ಅಂಟಿರುತ್ತಿತ್ತು. ಅಂಗಡಿಯವನು ಪ್ರತಿ ಸಲವೂ, "ಮೇಡಂ, ಜ್ವರ ಬಂದಾವೇನ್ರಿ?" ಎಂದು ಕೇಳುತ್ತಿದ್ದ. ಆಗ ತಮ್ಮ ಮೈಯನ್ನೇ ನೋಡಿಕೊಂಡು, "ಅಯ್ಯ ಶಿವನೇ, ಮತ್ತ ಹಾಕ್ಕೊಂಡೇ ಬಂದೀನಲ್ಲಪ್ಪ" ಎಂದು ನಗುತ್ತಿದ್ದರು. ನಕ್ಕು ಚಹಾ ಕುಡಿಯುತ್ತಿದ್ದರೇ ಹೊರತು ಸ್ವೆಟರ್ ತೆಗೆಯುತ್ತಿರಲಿಲ್ಲ.

ಅವರು ಕೂರುತ್ತಿದ್ದ ಕೋಣೆಯೇ ಅಂಥದ್ದು. ನಮ್ಮ ಸ್ಕ್ಯಾನಿಂಗ್ ಸೆಂಟರಿನ ಹಿಂಭಾಗದಲ್ಲಿ, ಕಿಟಕಿಯೇ ಇಲ್ಲದ ಸಣ್ಣ ಕೋಣೆ. ಸರ್ವರ್ ಯಂತ್ರಗಳು ಬಿಸಿಯಾಗಬಾರದೆಂದು ಅಲ್ಲಿ ಏಸಿ ಸದಾ ಓಡುತ್ತಿತ್ತು. ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ಅಕ್ಕನ ಮನೆಯಲ್ಲಿದ್ದ ಮೇಡಂ ಬೆಳಿಗ್ಗೆ ಬಂದು ಆ ಕೋಣೆ ಹೊಕ್ಕರೆ ಚಹಾಕ್ಕೆ ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ. ಯಂತ್ರಗಳ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದರು. ಪರದೆ ನಿಂತುಬಿಟ್ಟರೆ "ಏಮೈಂದಿರಾ ನೀಕು?" ಎಂದು, ಹಟ ಹಿಡಿದ ಮಗುವನ್ನು ಕೇಳುವ ಹಾಗೆ, ಏನಾಯಿತೋ ನಿನಗೆ ಎಂದು ವಿಚಾರಿಸುತ್ತಿದ್ದರು. ಮನುಷ್ಯರಿಗೆ ಮಾತ್ರ ಕನ್ನಡ. ಅದರಲ್ಲೂ ಮುಖ್ಯವಾಗಿ ಒಂದೇ ಶಬ್ದ: "ತಡಿ."

"ಮೇಡಂ, ಪ್ರಿಂಟ್ ಬರವಲ್ದು." "ತಡಿ." "ಮೇಡಂ, ಬಿಲ್ಲಿಂಗ್ ನಿಂತೈತಿ." "ಒಂದೀಟು ತಡಿಯಮ್ಮಾ, ಬರ್ತೈತಿ." ಸಿಟ್ಟಿಲ್ಲ, ಗಡಿಬಿಡಿಯಿಲ್ಲ. ಹೆಚ್ಚಿನ ಸಲ ಅವರು ಹೇಳಿದಂತೆಯೇ ಆಗುತ್ತಿತ್ತು, ನಾವು ತಡೆದರೆ ಬರುತ್ತಿತ್ತು. ಅದಕ್ಕೇ ಆ ಶಬ್ದದ ಮೇಲೆ ನಮಗೆಲ್ಲ ನಂಬಿಕೆ ಕೂತುಬಿಟ್ಟಿತ್ತು. ಅವರಿಗಂತೂ ಇನ್ನೂ ಹೆಚ್ಚು.

ನಮ್ಮ ಸೆಂಟರಿಗೆ ದೊಡ್ಡ ಮನೆ ಬಳ್ಳಾರಿ. ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು ಶಾಖೆ. ನಾನು ಸಿರುಗುಪ್ಪದ ಹತ್ತಿರದ ಹಳ್ಳಿ ಕರೂರಿನವಳು. ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಬಂದು ಸಿ.ಟಿ. ಸ್ಕ್ಯಾನ್ ತೆಗೆಯುವುದು ನನ್ನ ಕೆಲಸ. ಅದರಲ್ಲಿ ಏನಿದೆ ಎಂದು ಹೇಳುವುದು ಬಳ್ಳಾರಿಯಲ್ಲಿ ಕೂತ ಡಾಕ್ಟರ ಕೆಲಸ. ಒಂದು ತಲೆಯ ಸ್ಕ್ಯಾನ್ ಎಂದರೆ ರಾಶಿ ಚಿತ್ರಗಳು. ಅವು ನೆಟ್ಟಿನ ಮೇಲೆ ಬಳ್ಳಾರಿಗೆ ಹೋಗಿ, ಅಲ್ಲಿಂದ ರಿಪೋರ್ಟು ಬರಬೇಕು. ಆದರೆ ಎರಡೂ ಶಾಖೆಯ ಯಾವ ಕಂಪ್ಯೂಟರೂ ತಾನಾಗಿ ಹೊರಗೆ ಹೋಗುವಂತಿರಲಿಲ್ಲ. ಹೋಗುವುದೂ ಬರುವುದೂ ಎಲ್ಲ ಮೇಡಂ ಕೋಣೆಯ ಒಂದು ಯಂತ್ರದ ಮೂಲಕ. ಅದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ನಾವು ಕೆಲಸ ಬಿಟ್ಟು ಧಾರಾವಾಹಿ ನೋಡಬಾರದೆಂದು ಮಾಲೀಕರು, ವೈರಸ್ ಬರಬಾರದೆಂದು ಮೇಡಂ, ಇಬ್ಬರೂ ಸೇರಿ ಮಾಡಿದ್ದ ಏರ್ಪಾಡು. ಇಡೀ ಮನೆಗೆ ಒಂದೇ ಬಾಗಿಲು.

ತಿಂಗಳಿಗೊಮ್ಮೆ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟ್ ಬಂದಾಗ ಆ ಬಾಗಿಲಲ್ಲಿ ನೂಕುನುಗ್ಗಲು. ಎಲ್ಲ ಕಂಪ್ಯೂಟರುಗಳಿಗೆ ಬೇಕಾದದ್ದು ಅದೇ ಒಂದು ದೊಡ್ಡ ಫೈಲು. ಆದರೆ ಪ್ರತಿಯೊಂದೂ ತನ್ನ ಪಾಲಿಗೆ ಬೇರೆಯಾಗಿ, ತುಣುಕು ತುಣುಕಾಗಿ ಎಳೆದುಕೊಳ್ಳುತ್ತಿತ್ತು. ಶಟರ್ ಇಳಿಸಿದ ಮೇಲೆ ಆರಾಮವಾಗಿ ಇಳಿಯಲಿ ಎಂದರೆ ಅದಕ್ಕೂ ದಾರಿಯಿರಲಿಲ್ಲ. ಕುರುಗೋಡಿನ ರಿಸೆಪ್ಷನ್ ಅಕ್ಕ ಸಂಜೆ ಬಸ್ಸಿಗೆ ಹೊರಡುವ ಮುನ್ನ ಮೇನ್ ಸ್ವಿಚ್ಚನ್ನೇ ಕೆಳಗೆಳೆದು, ಅದಕ್ಕೊಮ್ಮೆ ಕೈಮುಗಿದು ಹೋಗುತ್ತಿದ್ದಳು. ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ ಅದೇ ಪದ್ಧತಿ. ಅರ್ಧ ಬಂದ ಅಪ್‌ಡೇಟ್ ಅಲ್ಲಿಗೇ ಸಾಯುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ.

"ಯಾಕವ್ವಾ ಆರಿಸ್ತಿ? ಮುಕ್ಕಾಲು ಬಂದಿತ್ತಲ್ಲ!" ಎಂದು ಮೇಡಂ ಫೋನಿನಲ್ಲಿ ಗೋಗರೆಯುತ್ತಿದ್ದರು.

"ಶಾರ್ಟ್ ಆಗಿ ಬೆಂಕಿ ಹತ್ತಿದ್ರ ಯಾರ್ರಿ ಹೊಣಿ? ಶಟರ್ ಹಾಕಿದ ಮ್ಯಾಲ ಒಳಗ ಮಿಣುಕು ದೀಪಾನೂ ಇರಬಾರದ್ರಿ" ಎಂದು ಅಕ್ಕ ಖಡಾಖಂಡಿತ ಹೇಳುತ್ತಿದ್ದಳು. ಮಾಲೀಕರೂ ಅಕ್ಕನ ಪಕ್ಷವೇ.

ಹೀಗೆ ರಾತ್ರಿ ಕೈಬಿಟ್ಟಾಗ ಮೇಡಂ ಹಗಲಿನಲ್ಲೇ ಒಂದು ಖಾಲಿ ದಿನ ಹುಡುಕಿದರು. ಅದು ಅಮಾವಾಸ್ಯೆ. ಅವತ್ತು ನಮ್ಮಲ್ಲಿ ಯಾರೂ ಹೊಸದಾಗಿ ಚಿಕಿತ್ಸೆ ಶುರು ಮಾಡುವುದಿಲ್ಲ, ಮೈಯೊಳಗೆ ಏನಿದೆ ಎಂದು ನೋಡಿಸಿಕೊಳ್ಳಲು ಬರುವುದಿಲ್ಲ. ಸೆಂಟರಿನಲ್ಲಿ ಸ್ಕ್ಯಾನ್ ಯಂತ್ರಕ್ಕೇ ಪೂಜೆ: ವಿಭೂತಿ, ಕುಂಕುಮ, ನಿಂಬೆಹಣ್ಣು. ಬಾಗಿಲಲ್ಲಿ ಕುಂಬಳಕಾಯಿ. ಮಧ್ಯಾಹ್ನದವರೆಗೆ ನಾವು ಮಂಡಕ್ಕಿ ತಿನ್ನುತ್ತ ಕೂತಿರುವುದೇ ಕೆಲಸ. "ಅಮಾಸಿಗೆ ಹಚ್ಚಿಬಿಡೂಣು. ಯಾರಿಗೂ ತ್ರಾಸಿಲ್ಲ" ಎಂದರು ಮೇಡಂ. ಎಲ್ಲರಿಗೂ ಒಪ್ಪಿಗೆಯಾಯಿತು. ಎಷ್ಟು ಜಾಣತನದ ಮಾತು ಎಂದು ನಾನೇ ಹೊಗಳಿದ್ದೆ.

ಅದರ ಜೊತೆಗೆ ಪ್ರಾಕ್ಸಿಗೂ ಅವರು ಒಂದು ಹೊಸ ಹುಕುಂ ಕೊಟ್ಟರು. ಯಾವ ಕಂಪ್ಯೂಟರ್ ಒಂದು ತುಣುಕು ಕೇಳಿದರೂ ನೀನು ಇಡೀ ಫೈಲನ್ನು ತಂದಿಟ್ಟುಕೋ, ಕೇಳಿದವರು ನಡುವೆ ಆರಿಹೋದರೂ ನೀನು ನಿಲ್ಲಿಸಬೇಡ, ಮುಂದೆ ಕೇಳಿದವರಿಗೆಲ್ಲ ನಿನ್ನ ದಾಸ್ತಾನಿನಿಂದಲೇ ಕೊಡು. ಒಂದು ಸಲ ಹೊರಗಿನಿಂದ ತಂದರೆ ಮೂರೂ ಊರಿಗೆ ಸಾಕು. ಅಕ್ಕ ಮೇನ್ ಸ್ವಿಚ್ ಎಳೆದರೂ ಚಿಂತೆಯಿಲ್ಲ. ಮೇಡಂ ಅವತ್ತು ಸ್ವೆಟರಿನ ತೋಳು ಮೇಲೇರಿಸಿಕೊಂಡು ಎಲ್ಲರಿಗೂ ಚಹಾ ಹೇಳಿದ್ದರು.

ಹುಕುಂ ಕೊಟ್ಟ ಮೇಲಿನ ಮೊದಲ ಅಮಾವಾಸ್ಯೆ. ನಾನು ಬಸ್ಸು ಹತ್ತಿ ಹೋದ ಮೇಲೆ ಕರೂರಿನಲ್ಲಿ ನಮ್ಮವ್ವ ಅಂಗಳ ಸಾರಿಸಿ ರಂಗೋಲಿ ಹಾಕಲು ಕೂತಿದ್ದಳು. ಕೈಯಿಂದ ರಂಗೋಲಿ ಬಟ್ಟಲು ಬಿತ್ತು. ಎತ್ತಿಕೊಳ್ಳಲು ಹೋದರೆ ಬಲಗೈ ಏಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿತು. ಅಪ್ಪ ಎತ್ತಿ ಪಡಸಾಲೆಯಲ್ಲಿ ಮಲಗಿಸಿ ವಿಭೂತಿ ಹಚ್ಚಿದ. "ಅಮಾಸಿ ದಿನ ಊರ ಗಡಿ ದಾಟಿಸೋದು ಬ್ಯಾಡ. ಒಂದೀಟು ನೋಡಾಣ, ಮಲಕ್ಕೊಂಡ್ರ ಇಳೀತೈತಿ" ಎಂದ. ಅಪ್ಪ ಕೆಟ್ಟವನಲ್ಲ. ಅವ್ವನನ್ನು ಕಳೆದುಕೊಳ್ಳುವ ಹೆದರಿಕೆಯೇ ಅವನನ್ನು ಕೂರಿಸಿತು. ಬಿಸಿಲೇರುವವರೆಗೂ ಹಾಗೇ ಕೂತ. ಕೊನೆಗೆ ಚಿಕ್ಕಪ್ಪ ನನಗೆ ಫೋನು ಮಾಡಿದ. ನಾನು ಫೋನಿನಲ್ಲೇ ಕಿರುಚಿದೆ. ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದರು.

ಸ್ಕ್ಯಾನ್ ಯಂತ್ರದ ಮೇಲಿನ ನಿಂಬೆಹಣ್ಣು ತೆಗೆದಿಟ್ಟು ನಮ್ಮವ್ವನ ತಲೆಯನ್ನು ನಾನೇ ಒಳಗೆ ತಳ್ಳಿದೆ. ಎದುರಿನ ನರ್ಸಿಂಗ್ ಹೋಮಿನ ಡಾಕ್ಟರು ಬಂದು ಹೇಳಿದ್ದು ಇಷ್ಟು: ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ, ತಮ್ಮ ಹತ್ತಿರವೇ ಇದೆ. ಬೇಗ ಕೊಟ್ಟಷ್ಟು ಒಳ್ಳೆಯದು, ಹೊತ್ತು ಮೀರಿದರೆ ಕೊಡುವಂತಿಲ್ಲ. ಆದರೆ ಒಳಗೆ ರಕ್ತ ಸೋರಿದ್ದರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತದೆ. "ಬಳ್ಳಾರಿ ರಿಪೋರ್ಟ್ ತರಸ್ರಿ. ಅದಿಲ್ಲದ ನಾನು ಸೂಜಿ ಮುಟ್ಟಲ್ಲ." ಸೋರಿದ ರಕ್ತ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ. ನನ್ನ ಪರದೆಯಲ್ಲಿ ಬಿಳುಪು ನನಗೆ ಕಾಣಲಿಲ್ಲ. ಆದರೆ ನಾನು ಹೇಳುವ ಹಾಗಿಲ್ಲ, ಹೇಳಿದರೆ ಅವರು ಕೇಳುವ ಹಾಗೂ ಇಲ್ಲ.

ಚಿತ್ರಗಳನ್ನು ಕಳಿಸಿದೆ. ಹಸಿರು ಪಟ್ಟಿ ಸ್ವಲ್ಪ ಮುಂದೆ ಹೋಗಿ ನಿಂತಿತು. ಮೊಬೈಲಿನಲ್ಲಿ ಪರದೆಯ ಫೋಟೋ ಹೊಡೆದು ಬಳ್ಳಾರಿ ಡಾಕ್ಟರಿಗೆ ಕಳಿಸಿದೆ. "ಇದರಾಗ ಏನೂ ಖಾತ್ರಿ ಹೇಳಾಕ ಬರಲ್ಲಮ್ಮ, ಪೂರ್ತಿ ಸ್ಕ್ಯಾನ್ ಕಳಸು" ಎಂದರು. ಮೇಡಂಗೆ ಫೋನು ಹಚ್ಚಿದೆ.

"ಮೇಡಂ, ಸ್ಕ್ಯಾನ್ ಹೋಗವಲ್ದ್ರಿ."

"ಅಪ್‌ಡೇಟ್ ಹಚ್ಚೀನಮ್ಮ. ದಾಸ್ತಾನು ತುಂಬಾಕ ಬಂದೈತಿ. ಒಂದು ಸಲ ತುಂಬಿದ್ರ ಆಮ್ಯಾಲ ಹಾದಿ ಖುಲ್ಲಾ. ಒಂದೀಟು ತಡಿ."

"ಅರ್ಜೆಂಟ್ ಐತ್ರಿ."

"ಎಲ್ಲಾರಿಗೂ ಅರ್ಜೆಂಟೇ ಇರ್ತೈತಿ. ಈಗ ನಿಲ್ಲಿಸಿದ್ರ ಇಷ್ಟೊತ್ತು ಬಂದದ್ದೆಲ್ಲ ಮಣ್ಣುಪಾಲು. ತಡಿಯಮ್ಮಾ, ಬರ್ತೈತಿ."

ತಡೆದೆ. ಅವ್ವ ಮಂಚದ ಮೇಲೆ ನನ್ನನ್ನೇ ನೋಡುತ್ತಿದ್ದಳು. ಏನೋ ಹೇಳಲು ಹೋಗಿ ನಾಲಿಗೆ ತಿರುಗದೆ ಕಣ್ಣಲ್ಲಿ ನೀರು ಬಂತು. ಅಪ್ಪ ಬಾಗಿಲ ಹೊರಗೆ ಕುಂಬಳಕಾಯಿ ಹೋಳಿನ ಪಕ್ಕ ಕೂತಿದ್ದ. ಪಟ್ಟಿ ಕದಲಲಿಲ್ಲ. ಮತ್ತೆ ಫೋನು ಮಾಡಿದೆ. ಈ ಸಲ ಅವರು "ತಡಿ" ಎನ್ನುವ ಮೊದಲೇ, "ಮೇಡಂ, ಇದು ನಮ್ಮವ್ವಂದು ಐತ್ರಿ" ಎಂದೆ.

ಆ ಕಡೆ ಕುರ್ಚಿ ಉರುಳಿದ ಸದ್ದು ಕೇಳಿಸಿತು. ಬಳ್ಳಾರಿ ಸೆಂಟರಿನ ಹುಡುಗಿಯರು ಆಮೇಲೆ ಹೇಳಿದರು: ಮೇಡಂ ಕೀಬೋರ್ಡು ಮುಟ್ಟಲೇ ಇಲ್ಲವಂತೆ, ಮಾಲೀಕರ ಕೋಣೆಯದು, ಬಿಲ್ಲಿಂಗಿನದು, ಕುರುಗೋಡಿನದು, ಕೈಗೆ ಸಿಕ್ಕ ವೈರನ್ನೆಲ್ಲ ಎರಡೂ ಕೈಯಿಂದ ಕಿತ್ತು, ಪ್ರಾಕ್ಸಿಯನ್ನೂ ಒಮ್ಮೆ ಆರಿಸಿ ಹಚ್ಚಿದರಂತೆ. ನನ್ನ ಮುಂದಿನ ಪಟ್ಟಿ ಒಮ್ಮೆಲೇ ಓಡಿ ಮುಗಿಯಿತು. ರಿಪೋರ್ಟು ಬಂತು. ರಕ್ತ ಸೋರಿಲ್ಲ, ಹೆಪ್ಪುಗಟ್ಟಿದೆ. ನಾನು ಹಾಳೆ ಹಿಡಿದು ಎದುರಿಗೆ ಓಡಿದೆ. ಡಾಕ್ಟರು ಗೋಡೆಯ ಗಡಿಯಾರ ನೋಡಿದರು, ಅಪ್ಪನನ್ನು ಕರೆದು ಬೆಳಿಗ್ಗೆ ಬಿದ್ದದ್ದು ಯಾವಾಗ ಎಂದು ಮತ್ತೊಮ್ಮೆ ಕೇಳಿದರು. "ಹೊತ್ತು ಮೀರೈತಮ್ಮ" ಎಂದರು.

ನಮ್ಮವ್ವ ಬದುಕಿದಳು. ಮಾತು ಹೋಯಿತು, ಬಲಗೈ ಹೋಯಿತು. ನಾಟಿಯ ಕಾಲದಲ್ಲಿ ಇಡೀ ಸಾಲಿಗೆ ಕೇಳುವಂತೆ ಹಾಡುತ್ತಿದ್ದವಳು ಅವಳು. ಊರಲ್ಲಿ ಯಾರ ಜಗಳವಿದ್ದರೂ ನಡುವೆ ಬಾಯಿ ಹಾಕದೆ ಬಿಟ್ಟವಳಲ್ಲ. ಅಂಥವಳ ಮನೆ ಸುಮ್ಮನಾಯಿತು. ಇಂಜೆಕ್ಷನ್ ಕೊಟ್ಟಿದ್ದರೆ ಮಾತು ಉಳಿಯುತ್ತಿತ್ತೇ ಎಂದು ಎಷ್ಟೋ ಡಾಕ್ಟರನ್ನು ಕೇಳಿದೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಎಂದರು. ಅಪ್ಪ ಕೂತು ಕಳೆದ ಹೊತ್ತೆಷ್ಟು, ಮೇಡಂ ತಡಿ ಎಂದ ಹೊತ್ತೆಷ್ಟು, ಬೇರೆ ಮಾಡಿ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ನನ್ನ ಸಿಟ್ಟಿಗೆ ಕೂರಲು ಒಂದು ಜಾಗ ಸಿಗಲಿಲ್ಲ. ಮನೆಯಲ್ಲಿ ಅಪ್ಪನ ಮೇಲೆ, ಸೆಂಟರಿನಲ್ಲಿ ಮೇಡಂ ಮೇಲೆ, ಬಸ್ಸಿನಲ್ಲಿ ದೇವರ ಮೇಲೆ ಹೊಯ್ದಾಡುತ್ತಿತ್ತು.

ಮಾಲೀಕರು ನೆಟ್ ಕೊಡುವ ಕಂಪನಿಯ ತಲೆಗೆ ಕಟ್ಟೋಣ ಎಂದಿದ್ದರಂತೆ. ಮೇಡಂ ಒಪ್ಪಲಿಲ್ಲ. ಎಲ್ಲರನ್ನೂ ಕರೆಸಿ ನಿಲ್ಲಿಸಿ, "ತಪ್ಪು ನಂದೈತಿ" ಎಂದರು. ಮುಂದಿನ ಅಮಾವಾಸ್ಯೆಗೆ ಯಾರಿಗೂ ಹೇಳದೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ, ಅಲ್ಲಿಂದ ಕರೂರಿಗೆ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಸ್ವೆಟರ್ ಇರಲಿಲ್ಲ. ಅದಿಲ್ಲದೆ ಅವರು ಎಷ್ಟು ಸಣ್ಣಗಿದ್ದಾರೆ ಎಂದು ಅವತ್ತೇ ನನಗೆ ಕಂಡದ್ದು. ನಾನು ಕೂರಿ ಎನ್ನಲಿಲ್ಲ. ಅಪ್ಪ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದ. ಮೇಡಂ ಅದರಲ್ಲಿ ಕೂರದೆ, ನೆಲದ ಮೇಲೆ ಅವ್ವನ ಪಕ್ಕ ಕೂತು, ಅಪ್ಪನಿಗೆ ತಿಳಿಯುವ ಹಾಗೆ ಹೇಳಿದರು.

"ಒಬ್ಬರು ಒಂದು ರೊಟ್ಟಿ ಕೇಳಿದ್ರ ಇಡೀ ಬುಟ್ಟಿ ತರಸು ಅಂತ ಮಿಷನ್ನಿಗೆ ಹೇಳಿದ್ದೆರಿ, ಇಟ್ಕೊಂಡು ಎಲ್ಲಾರಿಗೂ ಹಂಚಾಕ. ಆದ್ರ ಇಡೋ ಜಾಗ ಮೊದಲಿನಷ್ಟ ಸಣ್ಣದೇ ಬಿಟ್ಟಿದ್ದೆ. ಅದನ್ನ ಹಿಗ್ಗಸಬೇಕಿತ್ತು, ಮರ್ತೆ. ಬುಟ್ಟಿ ಬಂತು, ಹಿಡೀಲಿಲ್ಲ, ಹೊರಗ ಚೆಲ್ಲಿತು. ಮತ್ತೊಬ್ಬರು ಕೇಳಿದ್ರ ಮತ್ತ ಇಡೀ ಬುಟ್ಟಿ. ಅವತ್ತು ಎಷ್ಟೊತ್ತು ತಡದ್ರೂ ತುಂಬ್ತಿರಲಿಲ್ರಿ ಅದು. ನಾನು ಸುಮ್ಮನ ತಡಿ ತಡಿ ಅಂದೆ."

ಅಪ್ಪ, "ಅಮಾಸಿ ಅಂತ ನಾನು ಕುಂತೆ, ಅಮಾಸಿ ಅಂತ ನೀವು ಹಚ್ಚಿದ್ರಿ. ಯಾರಿಗೆ ಏನನ್ನೂಣು ತಾಯಿ" ಎಂದ.

ಮೇಡಂ ಅತ್ತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಅಮಾಸಿಗೆ ಬರೋರು ಕಡಿಮಿ ಅಂತ ಲೆಕ್ಕ ಹಾಕಿದ್ದೆ. ಅವತ್ತೂ ಬರೋರು ಯಾರು? ತಡಕೊಳ್ಳಾಕ ಆಗದೇ ಇರೋರು. ಅದು ನನ್ನ ತಲಿಗೆ ಹೊಳೀಲೇ ಇಲ್ಲ" ಎಂದರು. ಅವ್ವ ಎಡಗೈ ಚಾಚಿ ಪಕ್ಕದಲ್ಲಿದ್ದ ನೀರಿನ ಚೊಂಬನ್ನು ಅವರ ಕಡೆ ತಳ್ಳಿದಳು. ಅರ್ಧ ನೀರು ಚೆಲ್ಲಿತು. ಉಳಿದದ್ದನ್ನು ಮೇಡಂ ಕುಡಿದರು. ನನಗೆ ಆ ಹೊತ್ತಿಗೆ ಅವ್ವನ ಮೇಲೂ ಸಿಟ್ಟು ಬಂತು.

ಆಮೇಲಿನ ಮೇಡಂ ಬೇರೆಯೇ ಮನುಷ್ಯರು. ಪ್ರಾಕ್ಸಿಯ ಜಾಗ ಹಿಗ್ಗಿಸಿದರು. ಸ್ಕ್ಯಾನ್ ಹೊರಟರೆ ಉಳಿದದ್ದೆಲ್ಲ ಬದಿಗೆ ಸರಿಯುವಂತೆ ಕಟ್ಟು ಮಾಡಿದರು. ಸಿರುಗುಪ್ಪಕ್ಕೊಂದು, ಕುರುಗೋಡಿಗೊಂದು ಪುಟ್ಟ ಪೆಟ್ಟಿಗೆ ತಂದಿಟ್ಟು, ಅಪ್‌ಡೇಟ್ ಒಂದು ಸಲ ಅದಕ್ಕೆ ಬಂದರೆ ಅಲ್ಲಿನ ಕಂಪ್ಯೂಟರುಗಳು ಅದರಿಂದಲೇ ತೆಗೆದುಕೊಳ್ಳುವಂತೆ ಮಾಡಿದರು. ಮೊದಲು ದಿನಗಟ್ಟಲೆ ತಿನ್ನುತ್ತಿದ್ದ ಕೆಲಸ ಊಟದ ಹೊತ್ತಿನಲ್ಲಿ ಮುಗಿಯತೊಡಗಿತು. ಕುರುಗೋಡಿನ ಅಕ್ಕನನ್ನು ಮಾತ್ರ ಮಣಿಸಲಾಗಲಿಲ್ಲ. ಬಂಡೆಗುಡ್ಡದ ಊರಿನವಳು, ಹಟವೂ ಹಾಗೇ. ಆ ಪೆಟ್ಟಿಗೆಯ ಮೇಲೂ ಒಂದು ನಿಂಬೆಹಣ್ಣು ಇಟ್ಟು, ಸಂಜೆ ಅದನ್ನೂ ಆರಿಸಿಯೇ ಹೋಗುತ್ತಿದ್ದಳು.

ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರತಿ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಅವರು ಕೂರಿಸಿದ ಒಂದು ಗುಂಡಿ. ಅದನ್ನು ಒತ್ತಿದರೆ ಮೂರೂ ಊರಿನ ಅಪ್‌ಡೇಟ್ ಅಲ್ಲಲ್ಲೇ ನಿಲ್ಲುತ್ತದೆ. ಯಾರು ಬೇಕಾದರೂ ಒತ್ತಬಹುದು, ಕಸ ಗುಡಿಸುವವರೂ. ಅದರ ಹೆಸರು "ತಡಿ". "ಇಷ್ಟು ದಿನ ಮನಷ್ಯಾರಿಗೆ ತಡಿ ಅಂದೆ. ಇನ್ನ ಮಿಷನ್ನಿಗೆ ಅನ್ರಿ. ನನ್ನ ಕೇಳಾಕ ಬರಬ್ಯಾಡ್ರಿ, ಫೋನ್ ಮಾಡಬ್ಯಾಡ್ರಿ, ಒತ್ತಿಬಿಡ್ರಿ." ಅಂದಿನಿಂದ ಅವರ ಬಾಯಲ್ಲಿ ಆ ಶಬ್ದ ನಾವು ಕೇಳಲಿಲ್ಲ. ಯಾರಾದರೂ ಕೋಣೆಗೆ ಬಂದರೆ ಕುರ್ಚಿಯಿಂದ ಎದ್ದೇ ನಿಲ್ಲುತ್ತಿದ್ದರು.

ಅಮಾವಾಸ್ಯೆಯಂದು ಅಪ್‌ಡೇಟ್ ಇಲ್ಲವೆಂದಾಯಿತು. ಮೇಡಂ ಆ ದಿನವನ್ನು ಕರೂರಿಗೆ ಕೊಟ್ಟರು. ಬಳ್ಳಾರಿಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುವುದು, ಅವ್ವನ ಮುಂದೆ ತಟ್ಟೆಯಲ್ಲಿ ಸುರಿದು, "ಬಲಗೈಲೇ ತಿನ್ನಬೇಕು, ಎಡಗೈ ಹಿಂದಕ" ಎನ್ನುವುದು. ಅವ್ವನಿಗೆ ಒಂದು ಕಾಳು ಹಿಡಿಯಲು ಬರುತ್ತಿರಲಿಲ್ಲ. ಮೇಡಂ ಅವಳ ಬೆರಳು ಹಿಡಿದು ಹಿಡಿದು ಮುಟ್ಟಿಸುತ್ತಿದ್ದರು. ಆರಿದ ಮಿರ್ಚಿ ತಿನ್ನುತ್ತ, ತಮ್ಮ ಅಕ್ಕನ ಮನೆಯ ಸುದ್ದಿ ಹೇಳುತ್ತ ಕೂತುಬಿಡುತ್ತಿದ್ದರು. ಮಾತು ಬಾರದವಳ ಮುಂದೆ ಇಷ್ಟು ಮಾತಾಡುವವರನ್ನು ನಾನು ಕಂಡಿರಲಿಲ್ಲ. ಮುಂದೊಂದು ಅಮಾವಾಸ್ಯೆಗೆ ಅವ್ವ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಮಂಡಕ್ಕಿ ಎತ್ತಿ, ತನ್ನ ಬಾಯಿಗಲ್ಲ, ಮೇಡಂ ಬಾಯಿಗೆ ಇಟ್ಟಳು. ಅಂದು ನಾನು ಒಳಗೆ ಹೋಗಿ ಒಲೆಯ ಮುಂದೆ ಅತ್ತೆ. ನನ್ನ ಸಿಟ್ಟು ಅವತ್ತು ಪೂರ್ತಿ ಹೋಯಿತು ಎಂದರೆ ಸುಳ್ಳು. ಆದರೆ ಅವರು ಹೊರಟಾಗ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದೆ.

ಸಿಸ್ಟಮ್ ಕೆಲಸವನ್ನು ನನಗೆ ಕಲಿಸಿದವರೂ ಅವರೇ. "ಸ್ಕ್ಯಾನ್ ಕಳಸೋರ ಸಂಕಟ ಗೊತ್ತಿದ್ದೋರು ಈ ಕುರ್ಚಿಗೆ ಬರಬೇಕು" ಎಂದು ಮಾಲೀಕರ ಹತ್ತಿರ ಹಟ ಹಿಡಿದು, ವಾರಕ್ಕೊಮ್ಮೆ ನನ್ನನ್ನು ಬಳ್ಳಾರಿಗೆ ಕರೆಸಿಕೊಳ್ಳುತ್ತಿದ್ದರು. ಮೊದಲ ದಿನ ನಾನು ಚಳಿಗೆ ನಡುಗುವುದನ್ನು ನೋಡಿ ತಮ್ಮ ಸ್ವೆಟರ್ ಬಿಚ್ಚಿ ನನಗೆ ಹೊದಿಸಿದ್ದರು.

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೇಡಂ ಸಿರುಗುಪ್ಪದ ಸೆಂಟರಿನ ಬೆಂಚಿನ ಮೇಲೆ ಪೇಷಂಟುಗಳ ನಡುವೆ ಕೂತಿದ್ದರು. ಮುಖ ಬಾಡಿತ್ತು, ಕಣ್ಣು ಹಳದಿಯಾಗಿತ್ತು. ಹೊಟ್ಟೆಯ ಸ್ಕ್ಯಾನ್ ಆಗಬೇಕಿತ್ತು. "ಬಳ್ಳಾರಿಯಾಗೇ ಮಾಡಸಬಹುದಿತ್ತಲ್ರಿ ಮೇಡಂ" ಎಂದೆ. "ಬ್ಯಾಡ. ನೀನು ತಗಿ, ನೀನು ಕಳಸು" ಎಂದರು. ಯಂತ್ರದಿಂದ ಇಳಿದವರು ಬಟ್ಟೆ ಸರಿಪಡಿಸಿಕೊಂಡು ನೇರ ನನ್ನ ಪಕ್ಕ ಬಂದು ನಿಂತರು. ನಾನು ಕಳಿಸಿದೆ. ಹಸಿರು ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿತು.

"ಬಾಳ ಲಗೂ ಹೋತಲ್ಲ!" ಎಂದರು. ಆ ಮುಖದಲ್ಲಿ ಅವತ್ತು ಕಂಡ ಖುಷಿಯನ್ನು ನಾನು ಮರೆಯಲಾರೆ. ತಮ್ಮ ಹೊಟ್ಟೆಯೊಳಗೆ ಏನಿದೆ ಎನ್ನುವುದಕ್ಕಿಂತ ಅದು ಎಷ್ಟು ಬೇಗ ಬಳ್ಳಾರಿ ಮುಟ್ಟಿತು ಎನ್ನುವುದೇ ಅವರಿಗೆ ದೊಡ್ಡದಾಗಿತ್ತು. ರಿಪೋರ್ಟೂ ಅಷ್ಟೇ ಬೇಗ ಬಂತು. ಲಿವರಿನಲ್ಲಿ ಗಡ್ಡೆ, ಬೇರೆ ಕಡೆಗೂ ಹಬ್ಬಿದೆ. ಓದುತ್ತಿದ್ದಾಗ ಅದು ಅಷ್ಟು ಬೇಗ ಬರಬಾರದಿತ್ತು ಎಂದು ನನಗೆ ಅನ್ನಿಸಿತು. ಅವರು ನನ್ನ ಭುಜದ ಮೇಲಿಂದ ಬಗ್ಗಿ ತಾವೇ ಓದಿಕೊಂಡರು. "ಇರ್ಲಿ ಬಿಡು" ಎಂದು ಬೆನ್ನು ತಟ್ಟಿ, ಅಲ್ಲಿಂದ ಬಳ್ಳಾರಿಯ ಬಸ್ಸು ಹತ್ತಲಿಲ್ಲ, ಕರೂರಿಗೆ ಹೋಗಿ ಸಂಜೆಯವರೆಗೆ ಅವ್ವನ ಹತ್ತಿರ ಕೂತಿದ್ದು ಹೋದರು. ಅವತ್ತು ಅಮಾವಾಸ್ಯೆಯಾಗಿರಲಿಲ್ಲ.

ಮಳೆಗಾಲ ಹಿಡಿಯುವ ಮೊದಲೇ ಹೋಗಿಬಿಟ್ಟರು. ಬ್ರೂಸ್‌ಪೇಟೆಯ ಓಣಿಯಲ್ಲಿ ಅವರನ್ನು ಕೂರಿಸಿ ಹೂವು ಹಾಕಿದ್ದರು. ಅವರ ಅಕ್ಕ ನನ್ನನ್ನು ಬದಿಗೆ ಕರೆದು, "ಇದು ನಿನಗ ಕೊಡು ಅಂದಿದ್ಲು" ಎಂದು ಒಗೆದು ಮಡಿಸಿದ ಕಂದು ಸ್ವೆಟರನ್ನು ಕೈಗಿಟ್ಟರು. ಮೊಣಕೈಯ ಎಳೆಯನ್ನು ಯಾರೋ ಹೊಲಿದಿದ್ದರು.

ಈಗ ಆ ತಣ್ಣನೆಯ ಕೋಣೆಯಲ್ಲಿ ನಾನು ಕೂರುತ್ತೇನೆ. ಅಮಾವಾಸ್ಯೆಗೆ ಮಾತ್ರ ರಜೆ ಹಾಕಿ ಕರೂರಿನ ಮನೆಯಲ್ಲಿರುತ್ತೇನೆ. ಮೇಡಂ ಹೋದ ಸುದ್ದಿಯನ್ನು ಅವ್ವನಿಗೆ ಅವತ್ತೇ ತಿಳಿಸಿ ಹೇಳಿದ್ದೆ, ಅವಳು ತಲೆಯಾಡಿಸಿದ್ದಳು. ಆದರೂ ಅದಾದ ಮೊದಲ ಅಮಾವಾಸ್ಯೆಯ ಬೆಳಿಗ್ಗೆ ಪಡಸಾಲೆಯಿಂದ ಏನೋ ಎಳೆಯುವ ಸದ್ದು ಕೇಳಿ ನಾನು ಹೊರಗೆ ಬಂದೆ. ಅವ್ವ ನೀಲಿ ಕುರ್ಚಿಯನ್ನು ಎಡಗೈಯಲ್ಲಿ ಬಾಗಿಲ ಹತ್ತಿರ ಎಳೆಯುತ್ತಿದ್ದಳು. ಬಲಗೈಯ ಎರಡು ಬೆರಳನ್ನೂ ಅದಕ್ಕೆ ಸಿಕ್ಕಿಸಿದ್ದಳು. ಕುರ್ಚಿಯನ್ನು ಓಣಿಯ ಕಡೆ ಮುಖ ಮಾಡಿ ಹಾಕಿ, ಪಕ್ಕದಲ್ಲಿ ಮಂಡಕ್ಕಿ ತಟ್ಟೆ ಇಟ್ಟುಕೊಂಡು ತಾನು ನೆಲಕ್ಕೆ ಕೂತಳು.

ನಾನೇ ಹೋಗಿ ಆ ಕುರ್ಚಿಯಲ್ಲಿ ಕೂತೆ. ಅಷ್ಟರಲ್ಲಿ ಕುರುಗೋಡಿನ ಅಕ್ಕನ ಫೋನು.

"ಅಪ್‌ಡೇಟ್ ಬಂದೈತಿ ಅಂತ ತೋರಸಾಕತ್ತೈತ್ರಿ. ಇಲ್ಲಿ ಒಂದು ನರಪಿಳ್ಳಿ ಇಲ್ಲ, ಎಲ್ಲಾ ಖಾಲಿ ಐತಿ. ಹಚ್ಚಿಬಿಡ್ಲ್ಯಾ?"

"ಬ್ಯಾಡಕ್ಕ" ಎಂದೆ. "ತಡಿ ಒತ್ತು. ಇವತ್ತು ಬರೋರು ತಡಕೊಳ್ಳಾಕ ಆಗದೋರು."

ಅವ್ವ ತಟ್ಟೆಯಿಂದ ಒಂದು ಮಂಡಕ್ಕಿ ಎತ್ತಿ ನನ್ನ ಬಾಯಿಯ ಹತ್ತಿರ ಹಿಡಿದಿದ್ದಳು.